ಡಿಗ್ರಿ ಇದೆ, ಉಳಿ ಹಿಡಿಯಲೇ?

ಪ್ರಶ್ನೆ: ಮೆಕ್ಯಾನಿಕಲ್ ಬಿ.ಇ. ಮಾಡಿದ್ದೇನೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ವಯಸ್ಸು 29. ಮರಗೆಲಸ ಕಲಿತು ಅದರಲ್ಲೇ ಬದುಕುವ ಆಸೆ. ಐಟಿಐ ಸೇರಲು ವಯಸ್ಸು ಮೀರಿತಾ? ವಿಶ್ವಕರ್ಮ ಯೋಜನೆ ಸಾಲ ಸಿಗುತ್ತದಾ? ರಾಜೀನಾಮೆ ಕೊಡಲೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ರಾಜೀನಾಮೆ ಈಗಲೇ ಬೇಡ. ಐಟಿಐಗೆ 14 ತುಂಬಿರಬೇಕು, ಮೇಲ್ಮಿತಿ ಸಾಮಾನ್ಯವಾಗಿ ಇಲ್ಲ, ಕಾರ್ಪೆಂಟರ್ ಕೋರ್ಸ್ ಒಂದು ವರ್ಷದ್ದು. ಆದರೆ ಅದು ಹಗಲು ಹೊತ್ತಿನ ಓದು, ನಿಮ್ಮ ನೌಕರಿ ಜೊತೆ ಆಗದು. ಮೊದಲು ಮಲ್ಲೇಶ್ವರದ ಐಡಬ್ಲ್ಯುಎಸ್‌ಟಿಯಲ್ಲಿ ವಿಚಾರಿಸಿ. ಮರದ ಬಗ್ಗೆಯೇ ಸಂಶೋಧನೆ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ ಅದು, ಯಂತ್ರಗಳ ಮೇಲೆ ಮರಗೆಲಸದ ತರಬೇತಿಯನ್ನೂ ಕೊಡುತ್ತದೆ.

ಕೈಕಸುಬಿನವರಿಗೆಂದು 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳೂ ಇದ್ದಾರೆ. ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲ, ಶೇ 5 ಬಡ್ಡಿ. ಆದರೆ ಅದು ಈಗಾಗಲೇ ಆ ಕಸುಬು ಮಾಡುತ್ತಿರುವವರಿಗೆ. ನೀವಿನ್ನೂ ಉಳಿ ಹಿಡಿದಿಲ್ಲ, ಅಲ್ವಾ? ಸದ್ಯಕ್ಕೆ ಆ ಲೆಕ್ಕ ಬಿಡಿ.

ಇನ್ನು ನೀವು ಕೇಳದೇ ಇರುವ ಮಾತು. ವಿಡಿಯೋಗಳಲ್ಲಿ ತೇಗದ ಹಲಗೆ ಕೀಸಿ, ಮೊಳೆಯೇ ಇಲ್ಲದೆ ಕುರ್ಚಿ ಜೋಡಿಸೋದನ್ನು ನೋಡಿ ಮನಸ್ಸು ಸೋತಿದ್ದರೆ ತಪ್ಪಿಲ್ಲ, ಆದರೆ ಬೆಂಗಳೂರಿನಲ್ಲಿ ಬಡಗಿಯ ಹೊಟ್ಟೆ ತುಂಬಿಸುತ್ತಿರುವುದು ಜಾಸ್ತಿ ಪ್ಲೈವುಡ್. ಅಡುಗೆಮನೆ ಕಪಾಟು, ವಾರ್ಡ್‌ರೋಬ್, ಟಿವಿ ಯೂನಿಟ್. ಎಂಟಡಿ ನಾಲ್ಕಡಿಯ ಶೀಟಿನಿಂದ ಚೂರು ಕಡಿಮೆ ಉಳಿಯುವ ಹಾಗೆ ಹೇಗೆ ಕತ್ತರಿಸಬೇಕು, ಸೊಟ್ಟ ಗೋಡೆಗೆ ನೆಟ್ಟಗಿನ ಪೆಟ್ಟಿಗೆ ಹೇಗೆ ಕೂರಿಸಬೇಕು, ಚದರಡಿಗೆ ರೇಟು ಹೇಳುವಾಗ ಮೈಕಾ, ಹಿಂಜು, ಸಾಗಣೆ ಎಲ್ಲ ಸೇರಿಸಿದೆನಾ ಅನ್ನೋದು ಮೇಸ್ತ್ರಿಯ ತಲೆಯಲ್ಲಿ ಸದಾ ಓಡುತ್ತಿರುತ್ತದೆ. ಕೊನೇ ಕಂತಿನ ದುಡ್ಡು ವಸೂಲಿ ಮಾಡೋದಂತೂ ಬೇರೆಯೇ ವಿದ್ಯೆ, ಅದನ್ನು ಯಾವ ಐಟಿಐಯೂ ಕಲಿಸಲ್ಲ! ಗಟ್ಟಿ ಮರದ ಕೆಲಸವೇ ಬೇಕು ಅಂದರೆ ಇನ್ನೂ ನಿಧಾನ. ಮರ ತೇವಕ್ಕೆ ಅಡ್ಡಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಅದನ್ನು ಮರೆತು ಮಾಡಿದ ಬಾಗಿಲು ಮಳೆಗಾಲದಲ್ಲಿ ಕಚ್ಚಿಕೊಳ್ಳುತ್ತದೆ.

ಹಾಗಾಗಿ ರಜೆ ಹಾಕಿಯಾದರೂ ಒಬ್ಬ ಮೇಸ್ತ್ರಿ ಜೊತೆ ಸೈಟಿಗೆ ಹೋಗಿ, ಶೀಟು ಹೊತ್ತು ಮೇಲಿನ ಮಹಡಿಗೆ ಹತ್ತಿಸಿ, ಸಂಜೆ ಧೂಳು ಗುಡಿಸಿ. ಬೆನ್ನು ಏನು ಹೇಳುತ್ತದೆ ನೋಡಿ. ಮಾಸ್ಕ್ ಮಾತ್ರ ಬಿಡಬೇಡಿ. ಮರದ ಹೊಟ್ಟಿನ ಧೂಳು ಮೂಗಿನ ಕ್ಯಾನ್ಸರ್‌ಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೇ ಪಟ್ಟಿ ಮಾಡಿದೆ, ನಮ್ಮ ಸೈಟುಗಳಲ್ಲಿ ಕೇಳೋರಿಲ್ಲ. ಇಷ್ಟೆಲ್ಲ ಆದ ಮೇಲೂ ಮುಂದಿನ ವಾರ ಹೋಗೋಣ ಅನ್ನಿಸಿದರೆ, ಒಂದು ವರ್ಷದ ಮನೆಖರ್ಚು ಕೂಡಿಟ್ಟುಕೊಂಡು ಆಮೇಲೆ ರಾಜೀನಾಮೆ ಬರೆಯಿರಿ.

ಪ್ರಶ್ನೆ: ಮಗ ಬಿ.ಕಾಂ. ಮುಗಿಸಿ ಆಫೀಸು ಕೆಲಸ ಬಿಟ್ಟ. ಫ್ರಿಜ್, ಎಸಿ ರಿಪೇರಿ ಕಲಿಯುತ್ತಾನಂತೆ. ಹೆಣ್ಣು ಯಾರು ಕೊಡ್ತಾರೆ?
– ಒಬ್ಬ ತಾಯಿ, ತಿಪಟೂರು

ಉತ್ತರ: ಅಮ್ಮಾ, ಬೇಸಿಗೆಯಲ್ಲಿ ಫ್ರಿಜ್ ಕೆಟ್ಟ ಮನೆಯವರನ್ನು ಕೇಳಿ ನೋಡಿ! ಅವನು ಕಲಿಯಲಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯ ಸ್ವಉದ್ಯೋಗ ತರಬೇತಿ ಕೇಂದ್ರಗಳು ಈಗ ಜಿಲ್ಲೆಜಿಲ್ಲೆಯಲ್ಲಿವೆ. ಹಳ್ಳಿ ಕಡೆಯ ಯುವಕರಿಗೆ ಊಟ, ವಸತಿ ಸಮೇತ ಉಚಿತ. ಆದರೆ ಅಲ್ಲಿ ಕೆಲವೇ ವಾರ ಕಲಿತು ನೇರ ಅಂಗಡಿ ತೆರೆಯೋದು ಬೇಡ. ಹೊಸ ಎಸಿ, ಫ್ರಿಜ್‌ಗಳ ಆರ್-32, ಆರ್-290 ಗ್ಯಾಸ್‌ಗಳು ಬೆಂಕಿ ಹಿಡಿಯುವಂಥವು, ಪೈಪು ಬೆಸೆಯೋದೂ ಬೆಂಕಿಯಲ್ಲೇ. ಅನುಭವಸ್ಥರ ಕೈಕೆಳಗೆ ಒಂದೆರಡು ಬೇಸಿಗೆ ದುಡಿಯಲಿ. ಲೆಕ್ಕ ಬರೆಯೋದು ಹೇಗೂ ಬರುತ್ತೆ, ಬಿ.ಕಾಂ. ತಾನೇ.