ಕೈ ಓಡದಿದ್ದಾಗ ಕೊಟ್ಟಿಗೆಗೆ ಹೋಗಿ

ಪ್ರಶ್ನೆ: ಮೂರು ವರ್ಷಗಳಿಂದ ಹುಲಿ, ಕುದುರೆ, ಆನೆಗಳ ಚಿತ್ರ ಬಿಡಿಸುತ್ತಿದ್ದೇನೆ. ಹೆಚ್ಚಿನವು ಮೊಬೈಲಿನಲ್ಲಿ ಸಿಕ್ಕಿದ ಫೋಟೊ ನೋಡಿ ಮಾಡಿದವು. ಐದು ತಿಂಗಳಿಂದ ಕೈಯೇ ಓಡುತ್ತಿಲ್ಲ. ಸ್ಫೂರ್ತಿ ಎಲ್ಲಿಂದ ತರಲಿ?
- ಓದುಗರೊಬ್ಬರು, ಸುರತ್ಕಲ್

ಉತ್ತರ: ನಿಮ್ಮ ಪತ್ರ ಓದಿ ನನ್ನದೇ ಒಂದು ಮಳೆಗಾಲ ನೆನಪಾಯಿತು. ಉಡುಪಿಯಲ್ಲಿ ಡ್ರಾಯಿಂಗ್ ಮಾಸ್ಟ್ರಾಗಿದ್ದೆ. ದಿನಾ ಮಕ್ಕಳಿಗೆ ಬೋರ್ಡಿನ ಮೇಲೆ ಆನೆ, ಜಿಂಕೆ ಬರೆದು ತೋರಿಸುವುದು. ಮನೆಗೆ ಬಂದರೆ ಒಂದು ಗೆರೆಯೂ ಏಳುತ್ತಿರಲಿಲ್ಲ. ಕೈಗೆ ಎಲ್ಲವೂ ರೂಢಿಯಾಗಿ, ಕಣ್ಣು ನೋಡುವುದನ್ನೇ ಬಿಟ್ಟಿತ್ತು.

ನನ್ನನ್ನು ಎಬ್ಬಿಸಿದ್ದು ಕಾರ್ಕಳದ ನೆಂಟರ ಮನೆಯ ಕಂಬಳದ ಕೋಣ. ಬೆಳಿಗ್ಗೆ ಹುರುಳಿ ತಿನ್ನಿಸಿ ಅಂಗಳದಲ್ಲಿ ಎಣ್ಣೆ ತಿಕ್ಕುತ್ತಿದ್ದರು. ಕೋಣ ಎಂದರೆ ಕಪ್ಪು ಎಂದು ಅಷ್ಟು ವರ್ಷ ಬರೆದವನು ನಾನು. ಹತ್ತಿರ ನಿಂತರೆ ಬೆನ್ನಿನ ಮೇಲೆ ಆಕಾಶದ ನೀಲಿ, ಹೊಟ್ಟೆಯಡಿ ಕೆಮ್ಮಣ್ಣಿನ ಕೆಂಪು! ಕೊಂಬಿನ ಕೆಳಗೆ ಅಡ್ಡಕ್ಕೆ ಚಾಚಿದ ಕಿವಿ, ನೊಣ ಕೂತಾಗೆಲ್ಲ ಅದುರುತ್ತಿತ್ತು. ಕಣ್ಣಿನ ಪಾಪೆ ನಮ್ಮ ಹಾಗೆ ಗುಂಡಗಿಲ್ಲ, ಅಡ್ಡಕ್ಕೆ ಉದ್ದ. ಅವತ್ತು ಇಡೀ ಕೋಣವನ್ನು ಬರೆಯಲೇ ಇಲ್ಲ, ಕಿವಿಯೊಂದನ್ನೇ ಹನ್ನೊಂದು ಸಲ ಬರೆದೆ. ಮನೆಗೆ ಬಂದು ಕಪ್ಪು ಟ್ಯೂಬು ಬದಿಗಿಟ್ಟು, ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಕಲಸಿದೆ. ಆ ಕಪ್ಪಿನಲ್ಲಿ ಜೀವ ಇತ್ತು.

ಫೋಟೊದಲ್ಲಿ ಬೆಳಕು, ಭಂಗಿ ಎಲ್ಲವನ್ನೂ ಬೇರೆ ಯಾರೋ ಆರಿಸಿಟ್ಟಿರುತ್ತಾರೆ. ನಿಮ್ಮ ಕೈಗೆ ಬೇಸರ ಬಂದದ್ದು ಅದಕ್ಕೇ ಇರಬೇಕು. ಕೆಲವು ದಿನ ಮೊಬೈಲು ಬಿಟ್ಟು, ಒಂದು ನೋಟ್‌ಬುಕ್ಕು, ಬಾಲ್‌ಪೆನ್ನು ಹಿಡಿದು ಹೊರಡಿ. ರಬ್ಬರ್ ಬೇಡ. ಬೆಳಿಗ್ಗೆ ಮಂಗಳೂರು ಧಕ್ಕೆಯಲ್ಲಿ, ಅಂದರೆ ಮೀನುಗಾರಿಕಾ ಬಂದರಿನಲ್ಲಿ, ಮೀನು ಇಳಿಸುವ ಹೊತ್ತಿಗೆ ಬೆಕ್ಕು, ಕೊಕ್ಕರೆ, ಗರುಡ ಎಲ್ಲವೂ ಸಿಗುತ್ತವೆ. ಬರೆಯುತ್ತಿದ್ದ ಬೆಕ್ಕು ಎದ್ದು ಹೋದರೆ ಅರ್ಧಕ್ಕೇ ಬಿಟ್ಟು ಪಕ್ಕದಲ್ಲಿ ಇನ್ನೊಂದು ಶುರು ಮಾಡಿ. ಸ್ವಲ್ಪ ಹೊತ್ತಿಗೆ ಅದು ಹಳೇ ಭಂಗಿಗೇ ಬರುತ್ತದೆ, ಆಗ ಮೊದಲಿನದಕ್ಕೆ ವಾಪಸಾಗಿ. ಕಟ್ಟಿಂಗೇರಿಯ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳನ್ನೂ ಹುಡುಕಿ ನೋಡಿ. ಕೆಲವೇ ಗೆರೆಗಳಲ್ಲಿ ಕುಣಿತ ಹಿಡಿದವರು ಅವರು.

ಹುಲಿಯೇ ಬೇಕೆಂದರೆ ಪಿಲಿಕುಳದ ಮೃಗಾಲಯ ನಿಮಗೆ ದೂರವಲ್ಲ. ನವರಾತ್ರಿಯಲ್ಲಿ ಪಿಲಿವೇಷಕ್ಕೆ (ಹುಲಿವೇಷಕ್ಕೆ) ಬಣ್ಣ ಹಚ್ಚುವಲ್ಲಿಯೂ ಒಂದು ಗಂಟೆ ನಿಲ್ಲಿ. ವೇಷಧಾರಿ ಉಸಿರು ಎಳೆದಾಗ ಹೊಟ್ಟೆಯ ಪಟ್ಟೆ ಹೇಗೆ ಬಾಗುತ್ತದೆ ನೋಡಿ. ಪಟ್ಟೆ ಮೈಯನ್ನು ಸುತ್ತಿಕೊಂಡಿರುತ್ತದೆ ಎಂಬುದು ನನಗೆ ಅರ್ಥವಾದದ್ದು ಅಲ್ಲಿಯೇ.

ನೋಟ್‌ಬುಕ್ಕು ತುಂಬಿದ ಮೇಲೆ ನನಗೆ ಕಳಿಸಿ. ಕೆಟ್ಟ ಪುಟಗಳನ್ನು ಹರಿಯದೆ ಕಳಿಸಿ, ನಾನು ಮೊದಲು ನೋಡುವುದು ಅವನ್ನೇ.