ಅಳಿಯಕಟ್ಟು: ಮಾತೃಪ್ರಧಾನವೋ, ಮಾತೃವಂಶೀಯವೋ?

ಪ್ರಶ್ನೆ: ಪ್ಲಸ್ ಟು ತರಗತಿಯಲ್ಲಿ ಸಮಾಜಶಾಸ್ತ್ರ ಓದುತ್ತಿರುವ ಮಗಳ ಟಿಪ್ಪಣಿಯಲ್ಲಿ ‘ಅಳಿಯಕಟ್ಟು ಒಂದು ಮಾತೃಪ್ರಧಾನ ಪದ್ಧತಿ’ ಎಂದಿದೆ. ನಮ್ಮ ತರವಾಡಿನಲ್ಲಿ (ಕೂಡುಕುಟುಂಬದ ಮೂಲಮನೆಯಲ್ಲಿ) ಮಾತು ನಡೆಯುತ್ತಿದ್ದದ್ದು ಅಜ್ಜಿಯ ಅಣ್ಣನದು. ಹಾಗಿರುವಾಗ ಈ ಪದ ಸರಿಯೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಸರಿಯಲ್ಲ. ನಿಮ್ಮ ಸಂದೇಹವೇ ಸರಿಯಾದುದು. ಅಲ್ಲಿ ಇರಬೇಕಾದ ಪದ ‘ಮಾತೃವಂಶೀಯ’. ವಂಶವನ್ನು ತಾಯಿಯ ಕಡೆಯಿಂದ ಎಣಿಸುವುದು ಮಾತೃವಂಶೀಯತೆ; ಮನೆಯ ಅಧಿಕಾರ ಹೆಂಗಸಿನ ಕೈಯಲ್ಲಿರುವುದು ಮಾತೃಪ್ರಾಧಾನ್ಯ. ಮೊದಲನೆಯದು ಇದ್ದಲ್ಲಿ ಎರಡನೆಯದೂ ಇರಲೇಬೇಕೆಂದಿಲ್ಲ. ಅಳಿಯಕಟ್ಟಿನಲ್ಲಿ, ಅಂದರೆ ಅಳಿಯಸಂತಾನ ಪದ್ಧತಿಯಲ್ಲಿ, ಮಗು ತಾಯಿಯ ‘ಬಳಿ’ಗೆ, ಎಂದರೆ ಅವಳ ವಂಶಕ್ಕೆ, ಸೇರುತ್ತದೆ, ಕುಟುಂಬದ ಆಸ್ತಿಯಲ್ಲಿ ಅದಕ್ಕೆ ಹಕ್ಕು ಬರುವುದೂ ತಾಯಿಯ ಮೂಲಕವೇ. ಆದರೆ ಆ ಆಸ್ತಿಯ ಆಡಳಿತವನ್ನು ಹೆಚ್ಚಾಗಿ ನೋಡಿಕೊಳ್ಳುತ್ತಿದ್ದವನು ಯಜಮಾನ, ಎಂದರೆ ಆ ಮಗುವಿನ ಸೋದರಮಾವ ಅಥವಾ ಅಜ್ಜಿಯ ಸೋದರ. ಕೆಲವು ಮನೆತನಗಳಲ್ಲಿ ಹಿರಿಯ ಹೆಂಗಸೇ ಯಜಮಾನ್ತಿಯಾಗಿ ಆಡಳಿತ ನಡೆಸಿದ್ದುಂಟು, ಅದನ್ನು ಮರೆಯಬಾರದು. ಆದರೂ ಪದ್ಧತಿಗೆ ಹೆಸರಿಡುವಾಗ ನೋಡಬೇಕಾದದ್ದು ವಂಶದ ಎಣಿಕೆಯನ್ನು.

ಗೊಂದಲಕ್ಕೆ ‘ಅಳಿಯ’ ಎಂಬ ಪದವೂ ಒಂದು ಕಾರಣ. ಸೋದರಮಾವನ ಮಗಳನ್ನು ಮದುವೆಯಾಗುವ ರೂಢಿಯಿರುವ ನಮ್ಮಲ್ಲಿ ಸೋದರಿಯ ಮಗನನ್ನೂ ಮಗಳ ಗಂಡನನ್ನೂ ಈ ಒಂದೇ ಪದದಿಂದ ಕರೆಯುತ್ತೇವೆ. ಅಳಿಯಸಂತಾನದ ಅಳಿಯ ಸೋದರಿಯ ಮಗ. ಮಗಳ ಗಂಡನಿಗೆ ಅಲ್ಲಿ ಯಾವ ಹಕ್ಕೂ ಇರಲಿಲ್ಲ. ನಮ್ಮ ನೆರೆಯ ಮಲಯಾಳದ ಇಂಥದೇ ಪದ್ಧತಿಯಾದ ‘ಮರುಮಕ್ಕತ್ತಾಯಂ’ ಎಂಬುದರ ಹೆಸರಿನ ಹಿಂದೆಯೂ ಇದೇ ಅರ್ಥವಿದೆ.

ಕಾನೂನಿನಲ್ಲಿ ಇದು ಈಗ ಹಿಂದಿನ ಮಾತು. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿ ಮದರಾಸಿಗೆ ಸೇರಿದ್ದ ಕಾಲದಲ್ಲಿ, 1949ರ ಮದರಾಸು ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ಕುಟುಂಬದೊಳಗಿನ ಹೆಣ್ಣುಕವಲುಗಳಿಗೆ, ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಕೇರಳದಲ್ಲಿ 1976ರ ಡಿಸೆಂಬರ್ 1ರಿಂದ ಹಿಂದೂ ಅವಿಭಕ್ತ ಕುಟುಂಬ ವ್ಯವಸ್ಥೆಯೇ ರದ್ದಾಯಿತು.

ಹಾಗೆಂದು ‘ಬಳಿ’ ಎಂಬ ಪದ ಸತ್ತಿಲ್ಲ. ನೆಂಟಸ್ತಿಕೆ ಮಾತನಾಡುವಾಗ ಬಳಿ ಯಾವುದೆಂದು ಈಗಲೂ ಕೇಳುತ್ತೇವೆ, ತಾಯಿಯ ಬಳಿಯನ್ನೇ ಹೇಳುತ್ತೇವೆ. ಮಗಳು ಟಿಪ್ಪಣಿಯನ್ನು ‘ಅಳಿಯಕಟ್ಟು ಮಾತೃವಂಶೀಯ ಪದ್ಧತಿ; ಆಡಳಿತ ಸಾಮಾನ್ಯವಾಗಿ ಸೋದರಮಾವನದು’ ಎಂದು ತಿದ್ದಿಕೊಳ್ಳಲಿ.