ಕತ್ತಿನ ಕಪ್ಪು, ತಟ್ಟೆಯಲ್ಲಿ ಒಂದೇ ದೋಸೆ

ಹನ್ನೆರಡು ವರ್ಷದ ಹುಡುಗ, ಏಳನೇ ತರಗತಿ. ಚೇತನ್ ಎಂದಿಟ್ಟುಕೊಳ್ಳಿ, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ನನ್ನ ಬಳಿ ಸಲಹೆಗೆ ಬಂದು ಕೂತ ಕೂಡಲೇ ಅವನಮ್ಮ ಕಾಲರ್ ಸರಿಸಿ ತೋರಿಸಿದರು. "ನೋಡಿ ಮೇಡಂ, ಎಷ್ಟು ಉಜ್ಜಿದ್ರೂ ಕತ್ತಿನ ಕೊಳೆ ಹೋಗ್ತಿಲ್ಲ." ಉಜ್ಜಿ ಉಜ್ಜಿ ಚರ್ಮ ತರಚಿತ್ತು. ಅದು ಕೊಳೆಯಲ್ಲ. ತೂಕ ಹೆಚ್ಚಿ, ರಕ್ತದ ಸಕ್ಕರೆಯನ್ನು ಹದದಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಕತ್ತು, ಕಂಕುಳು ಹೀಗೆ ಕಪ್ಪಾಗುವುದುಂಟು. ಮೊದಲು ಮಕ್ಕಳ ವೈದ್ಯರ ಬಳಿ ಕಳಿಸಿದೆ. ಎತ್ತರ 148 ಸೆಂ.ಮೀ., ತೂಕ 56 ಕೆ.ಜಿ., ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 25.6. ಈ ವಯಸ್ಸಿಗೆ ಅದು ಬೊಜ್ಜು. ಪುಣ್ಯಕ್ಕೆ ಸಕ್ಕರೆ, ಥೈರಾಯ್ಡ್ ಸರಿಯಿದ್ದವು.

ಮುಂದಿನ ಸಲ ಹುಡುಗನೊಬ್ಬನನ್ನೇ ಕೂರಿಸಿಕೊಂಡೆ. ಬಹಳ ಹೊತ್ತು ಜಾಮಿಟ್ರಿ ಬಾಕ್ಸಿನ ಮುಚ್ಚಳ ತೆಗೆಯುತ್ತ, ಹಾಕುತ್ತ ಇದ್ದ. ಆಮೇಲೆ ಅಂದ, "ತಂಗಿಗೆ ಮೂರು ಬೆಣ್ಣೆ ದೋಸೆ. ನಂಗೆ ಒಂದು, ಬೆಣ್ಣೆ ಇಲ್ದೆ." ಬಾಕ್ಸಿನೊಳಗೆ ಚಿಪ್ಸ್ ಪ್ಯಾಕೆಟ್ಟುಗಳು, ಚಿಕ್ಕದಾಗಿ ಮಡಿಚಿದವು. ಹಸಿವು ತಡೆಯಲಾರದೆ ಟ್ಯೂಷನ್ ದಾರಿಯಲ್ಲಿ ಕೊಂಡವು. ಪಿಟಿ ಪೀರಿಯಡ್ಡಿನಲ್ಲಿ ಓಡಿದರೆ "ಡುಮ್ಮ" ಅಂತಾರೆಂದು ಹೊಟ್ಟೆನೋವಿನ ನೆಪ ಹೇಳಿ ಕ್ಲಾಸಲ್ಲೇ ಉಳಿಯುತ್ತಿದ್ದ.

ಅಪ್ಪ ಅಮ್ಮ ಇಬ್ಬರನ್ನೂ ಕರೆಸಿ ಹೇಳಿದ್ದಿಷ್ಟು. ಬೆಳೆಯುವ ಮಗುವನ್ನು ಉಪವಾಸ ಕೆಡವಬೇಡಿ. ಇವನ ತೂಕ ಇಳಿಸಲೇಬೇಕೆಂದಿಲ್ಲ. 56ರ ಆಸುಪಾಸಿನಲ್ಲೇ ನಿಂತು ಎತ್ತರ 154 ಆದರೆ ಬಿಎಂಐ ತಾನಾಗಿ 23.6ಕ್ಕೆ ಬರುತ್ತದೆ. ಮನೆಯಲ್ಲಿ ಎಲ್ಲರಿಗೂ ಒಂದೇ ಅಡುಗೆ, ಒಂದೇ ನಿಯಮ. ಬೆಣ್ಣೆ ಕಡಿಮೆಯಾಗುವುದಾದರೆ ಅಪ್ಪನ ದೋಸೆಗೂ ಕಡಿಮೆಯಾಗಲಿ. ಬೆಳಗಿನ ತಿಂಡಿ ಹೊಟ್ಟೆ ತುಂಬ, ಜೊತೆಗೊಂದು ಮೊಟ್ಟೆಯೋ ಹೆಸರುಕಾಳಿನ ಉಸಲಿಯೋ. ಸಂಜೆ ಟ್ಯೂಷನ್‌ಗೆ ಹೋಗುವ ಮುಂಚೆ ಹುರಿದ ಶೇಂಗಾ, ಬಾಳೆಹಣ್ಣು. ಕೋಲಾ, ಚಿಪ್ಸ್ ಮನೆಗೇ ತರಬೇಡಿ. ದಿನಕ್ಕೆ 60 ನಿಮಿಷ ಮೈ ಬೆವರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಸಲ ಆಗಬೇಕೆಂದೇನಿಲ್ಲ. ಟ್ಯೂಷನ್‌ಗೆ ಬೈಕಿನಲ್ಲಿ ಬಿಡುವ ಬದಲು ಸೈಕಲ್ ಕೊಡಿ, ರಾತ್ರಿ ಅಪ್ಪ ಅವನ ಜೊತೆ ಶಟಲ್ ಆಡಲಿ. ಎಲ್ಲಕ್ಕಿಂತ ಮುಖ್ಯವಾಗಿ, ಆರು ತಿಂಗಳು ಮನೆಯಲ್ಲಿ ಯಾರ ಬಾಯಲ್ಲೂ "ದಪ್ಪ" ಅನ್ನೋ ಮಾತು ಬರಕೂಡದು, ಅಜ್ಜಿಯ ಬಾಯಲ್ಲೂ. ಅಮ್ಮ ಅತ್ತರು. ತಪ್ಪು ಅವರದಲ್ಲ, ಗಾಬರಿಗೆ ಹಾಗೆ ಮಾಡಿದ್ದರು. ಶಾಲೆಯ ಪಿಟಿ ಮೇಷ್ಟ್ರ ಜೊತೆ, ಅಪ್ಪ ಅಮ್ಮನ ಒಪ್ಪಿಗೆ ಪಡೆದು, ನಾನೇ ಮಾತಾಡಿದೆ.

ಆರು ತಿಂಗಳಿಗೆ ಎತ್ತರ 151, ತೂಕ 56.5. ಕತ್ತಿನ ಕಪ್ಪು ಇನ್ನೂ ಇದೆ, ಅಮ್ಮ ಉಜ್ಜುವುದು ಬಿಟ್ಟಿದ್ದಾರೆ. ಸೈಕಲ್ಲಿನ ಬೆಲ್ಲು ಕೆಟ್ಟಿದೆಯೆಂದು ಚೇತನ್ ಹತ್ತು ನಿಮಿಷ ದೂರಿದ. ಪಿಟಿ ಪೀರಿಯಡ್ ಈಗಲೂ ಆಗಾಗ ತಪ್ಪಿಸುತ್ತಾನೆ. ಅದರ ಬಗ್ಗೆ ಮುಂದಿನ ಭೇಟಿಯಲ್ಲಿ ಮಾತಾಡುವುದಿದೆ.